ಒಂದೂ ಮನೆ ಖಾಲಿಯಿಲ್ಲದ ಮಾಸ್ಟರ್ ಚಾರ್ಟ್

ಹೋದ ವಾರ ಒಬ್ಬ ಪಿಜಿ (ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವ) ಹುಡುಗ ತನ್ನ ಥೀಸಿಸ್‌ನ ಮಾಸ್ಟರ್ ಚಾರ್ಟ್ ತಂದು ತೋರಿಸಿದ. ರೋಗಿಗಳ ಎಲ್ಲ ಅಂಕಿಗಳನ್ನೂ ಒಟ್ಟಿಗೆ ಬರೆದಿಡುವ ದೊಡ್ಡ ಕೋಷ್ಟಕ ಅದು. 80 ರೋಗಿಗಳು, 14 ಕಾಲಂ. ವಯಸ್ಸು, ತೂಕ, ಬಿಪಿ, ಸೇರಿದ ದಿನದ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ಹೇಳುವ ರಕ್ತಪರೀಕ್ಷೆ, ಅಂಕಿ ಏರಿದರೆ ಒಳ್ಳೆಯದಲ್ಲ), ಒಂದು ತಿಂಗಳ ನಂತರದ್ದು, ಮೂರು ತಿಂಗಳ ನಂತರದ್ದು. ಕೋಷ್ಟಕದ ಎಲ್ಲ ಮನೆಯಲ್ಲೂ ಅಂಕಿ ಇತ್ತು. ಒಂದೂ ಖಾಲಿ ಇರಲಿಲ್ಲ. "ಪೂರ್ತಿ ಆಯ್ತು ಮೇಡಂ" ಎಂದ. ಎರಡು ರಾತ್ರಿ ಸತತವಾಗಿ ಡ್ಯೂಟಿ ಮಾಡಿ ಬಂದಿದ್ದ. ಮುಖದಲ್ಲಿ ಸುಸ್ತಿತ್ತು, ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು. "ಹೂಂ, ಬಿಟ್ಟು ಹೋಗು, ನೋಡ್ತೀನಿ" ಎಂದೆ. ಅವನು ಹೋದ ಮೇಲೆ ಆ ಚಾರ್ಟಿನ ಮುಂದೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಕೆಲಸ ಮಾಡಿದವರಿಗೂ ಇದು ಗೊತ್ತು. 80 ಜನರಿಗೆ ಮೂರು ತಿಂಗಳು ಬಿಟ್ಟು ಬನ್ನಿ ಎಂದರೆ 80 ಜನವೂ ಬರುವುದಿಲ್ಲ. ಕೆಲವರಿಗೆ ವಾಸಿಯಾಗಿರುತ್ತದೆ, ಮತ್ತೆ ಯಾಕೆ ಹೋಗಬೇಕು ಅನ್ನಿಸುತ್ತದೆ. ಕೆಲವರು ಮನೆ ಬದಲಾಯಿಸಿರುತ್ತಾರೆ. ಕೆಲವರು ಬೇರೆ ಡಾಕ್ಟರ ಹತ್ತಿರ ಹೋಗಿರುತ್ತಾರೆ. ಕೆಲವರು ತೀರಿಹೋಗಿರುತ್ತಾರೆ. ಬಂದವರಲ್ಲೂ ಒಬ್ಬರ ರಕ್ತದ ಸ್ಯಾಂಪಲ್ ಹಾಳಾಗುತ್ತದೆ, ಇನ್ನೊಬ್ಬರ ರಿಪೋರ್ಟ್ ಎಲ್ಲೋ ಕಳೆದುಹೋಗುತ್ತದೆ. ಹಾಗಾಗಿ ಚಾರ್ಟು ಪೂರ್ತಿ ತುಂಬಿದೆ ಎಂದರೆ ಯಾರೋ ಕೂತು ತುಂಬಿಸಿದ್ದಾರೆ ಅನ್ನುವ ಅನುಮಾನ ಮೊದಲು ಬರಬೇಕು. ನನಗೆ ಅದು ಒಂದೇ ನೋಟಕ್ಕೆ ಬಂತು. ಯಾಕೆಂದರೆ ನಾನೂ ತುಂಬಿಸಿದ್ದೆ.

ಒಂಬತ್ತು ಮನೆ

ಆಗ ನನಗೆ 28 ವರ್ಷ. ಎಂಡಿ ಥೀಸಿಸ್ ಕೊಡಲು ಇನ್ನು ಮೂರೇ ದಿನ ಇತ್ತು. ವಿಷಯ ನಾನು ಆರಿಸಿದ್ದಲ್ಲ. ಮೊದಲ ವರ್ಷ ಗೈಡ್ ಹತ್ತಿರ ಹೋದಾಗ ಅವರು ಹಳೆಯ ಥೀಸಿಸ್‌ಗಳ ಕಪಾಟಿನ ಕಡೆ ಕೈ ತೋರಿಸಿ, "ಇದರಲ್ಲೇ ಒಂದು ತಗೊಂಡು ವಯಸ್ಸಿನ ಗುಂಪು ಬದಲಾಯಿಸಿ ಮಾಡಮ್ಮ, ಸುಲಭ ಆಗುತ್ತೆ" ಎಂದಿದ್ದರು. ಕೆಟ್ಟವರೇನಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೂ ರೋಗಿಗಳ ನಡುವೆ ಇರುತ್ತಿದ್ದವರು. ನನ್ನ ಹೊರೆ ಕಡಿಮೆಯಾಗಲಿ ಎಂದೇ ಹಾಗೆ ಹೇಳಿದ್ದು. ನನಗೂ ಅದು ಉಪಕಾರ ಅಂತಲೇ ಅನ್ನಿಸಿತ್ತು.

ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಎರಡು ಗಂಟೆ. 60 ರೋಗಿಗಳಲ್ಲಿ ಒಂಬತ್ತು ಜನರ ಮೂರನೇ ತಿಂಗಳ ಕ್ರಿಯಾಟಿನಿನ್ ಇರಲಿಲ್ಲ. ಪಕ್ಕದ ಮಂಚದಲ್ಲಿ ನನಗಿಂತ ಒಂದು ವರ್ಷ ಸೀನಿಯರ್ ಮಲಗಿದ್ದಳು. ನಿದ್ದೆಗಣ್ಣಲ್ಲೇ ಸ್ಕ್ರೀನ್ ನೋಡಿ, "ಖಾಲಿ ಬಿಟ್ರೆ ವೈವಾದಲ್ಲಿ ಅದನ್ನೇ ಹಿಡ್ಕೋತಾರೆ ಕಣೇ. ಹಿಂದಿನ ವ್ಯಾಲ್ಯೂ ನೋಡಿ ಅದರ ಹತ್ತಿರದ್ದು ಹಾಕು. ನಿನಗೇ ಗೊತ್ತಾಗುತ್ತಲ್ಲ, ಎಷ್ಟಿರಬಹುದು ಅಂತ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಅವಳು ಹೇಳಿದ್ದು ನಿಜ. ನನಗೆ ಗೊತ್ತಾಗುತ್ತಿತ್ತು. ಮೂರು ವರ್ಷ ಅಂಥದೇ ರೋಗಿಗಳನ್ನು ನೋಡಿದ ಕಣ್ಣು. 1.1 ಹಾಕಿದೆ. 0.9 ಹಾಕಿದೆ. 1.3 ಹಾಕಿದೆ. ಎಲ್ಲ ಚೆನ್ನಾಗಿಯೇ ಬಂದರೆ ಅನುಮಾನ ಬರುತ್ತದೆ ಎಂದು ಒಂದಕ್ಕೆ 1.6 ಹಾಕಿದೆ. ಆ 1.6ನ್ನು ನಾನು ಇವತ್ತಿಗೂ ಮರೆತಿಲ್ಲ. ಉಳಿದ ಎಂಟು ಸುಸ್ತಿನಲ್ಲಿ ಆದದ್ದು ಅಂತ ಹೇಳಿಕೊಳ್ಳಬಹುದು. ಇದು ಮಾತ್ರ ಬುದ್ಧಿ ಓಡಿಸಿ ಮಾಡಿದ್ದು.

ವೈವಾದಲ್ಲಿ ಯಾರೂ ಏನೂ ಕೇಳಲಿಲ್ಲ. ಪರೀಕ್ಷಕರು ಪರಿವಿಡಿಯಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪು ತೋರಿಸಿದರು, ಮಾರ್ಜಿನ್ ಜಾಸ್ತಿ ಬಿಟ್ಟಿದ್ದೀರಿ ಎಂದರು. ಪಾಸಾದೆ. ಕಪ್ಪು ರೆಕ್ಸಿನ್ ಬೈಂಡಿಂಗ್, ಬಂಗಾರದ ಬಣ್ಣದ ಅಕ್ಷರ. ಅದು ಇನ್ನೂ ಯಾವುದೋ ಲೈಬ್ರರಿಯ ಕಪಾಟಿನಲ್ಲಿ ಇರಬೇಕು.

ಆ ರಾತ್ರಿ ಕೈ ಅಷ್ಟು ಸಲೀಸಾಗಿ ಹೇಗೆ ಓಡಿತು ಎಂದು ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ಡೆಡ್‌ಲೈನ್ ಒಂದು ಕಾರಣ, ಸರಿ. ಇನ್ನೊಂದು ಕಾರಣ ನಮ್ಮ ಕೆಲಸದಲ್ಲೇ ಇದೆ. ಕೇಸ್ ಶೀಟಿನಲ್ಲಿ ಖಾಲಿ ಬಿಡುವುದು ವಾರ್ಡಿನಲ್ಲಿ ದೊಡ್ಡ ತಪ್ಪು. ಬೆಳಗಿನ ರೌಂಡ್ಸ್‌ನಲ್ಲಿ "ಪೊಟ್ಯಾಸಿಯಂ ಎಷ್ಟು?" ಎಂದು ಕೇಳಿದಾಗ "ಗೊತ್ತಿಲ್ಲ ಸರ್" ಎಂದವರು ಎಲ್ಲರೆದುರು ಬೈಸಿಕೊಳ್ಳುತ್ತಾರೆ. ಮೊದಲ ವರ್ಷವೇ ಕಲಿಯುತ್ತೇವೆ, ಏನೋ ಒಂದು ಹೇಳಬೇಕು, ಧೈರ್ಯವಾಗಿ ಹೇಳಬೇಕು. ಇದರಲ್ಲಿ ಒಳ್ಳೆಯದೂ ಇದೆ. ಮಧ್ಯರಾತ್ರಿ ಉಸಿರು ಕಟ್ಟಿ ಬಂದವರ ಎದುರು ನಿಂತು "ಇನ್ನೂ ಸ್ವಲ್ಪ ಮಾಹಿತಿ ಬೇಕು" ಎಂದು ಕೂರಲು ಆಗುವುದಿಲ್ಲ. ಅರ್ಧ ಗೊತ್ತಿರುವುದರಲ್ಲೇ ನಿರ್ಧಾರ ತೆಗೆದುಕೊಳ್ಳಬೇಕು. ಅದನ್ನು ಚೆನ್ನಾಗಿ ಮಾಡುವವರನ್ನೇ ಒಳ್ಳೆಯ ಡಾಕ್ಟರ್ ಎನ್ನುತ್ತೇವೆ. ಅದೇ ಕೈಗೆ ಒಂದು ಎಕ್ಸೆಲ್ ಶೀಟ್ ಕೊಟ್ಟು ಸಂಶೋಧನೆ ಮಾಡು ಎಂದರೆ, ಅದು ಖಾಲಿ ಮನೆಯನ್ನು ಕಂಡ ತಕ್ಷಣ ತುಂಬುತ್ತದೆ.

ಯಾವ ಎಂಡಿ?

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ನಾನು 37ನೇ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿದಾಗ ಎಲ್ಲರೂ ಕೇಳಿದ್ದು ಇದೇ. ಎಂಡಿ ಆಗಿದೆಯಲ್ಲ, ಥೀಸಿಸ್ ಬರೆದಿದ್ದೀರಲ್ಲ, ಮತ್ತೆ ಇನ್ನೇನು? ಎಂಡಿ ಎನ್ನುವ ಎರಡು ಅಕ್ಷರಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಅಮೆರಿಕದಲ್ಲಿ ಅದು ಡಾಕ್ಟರಾಗುವ ಮೊದಲ ಡಿಗ್ರಿ. ಭಾರತದಲ್ಲಿ ಎಂಬಿಬಿಎಸ್ ಆದ ಮೇಲೆ ಮಾಡುವ ಸ್ಪೆಷಲಿಸ್ಟ್ ಡಿಗ್ರಿ, ಥೀಸಿಸ್ ಅದರ ಒಂದು ಭಾಗ ಮಾತ್ರ. ಬ್ರಿಟನ್ನಿನಲ್ಲಿ ಎಂಡಿ ಅಂದರೆ ಸಾಮಾನ್ಯವಾಗಿ ಎರಡು ವರ್ಷದ ಸಂಶೋಧನಾ ಡಿಗ್ರಿ, ಅಲ್ಲಿ ಸ್ಪೆಷಲಿಸ್ಟ್ ತರಬೇತಿಗೆ ಬೇರೆಯೇ ದಾರಿ. ಜರ್ಮನಿಯಲ್ಲಿ ಹೆಸರಿನ ಮುಂದೆ ಹಾಕಿಕೊಳ್ಳುವ ಡಾಕ್ಟರ್ ಪದವಿಗೆ ಎಷ್ಟೋ ಜನ ವಿದ್ಯಾರ್ಥಿಯಾಗಿರುವಾಗಲೇ ಪ್ರಬಂಧ ಶುರು ಮಾಡುತ್ತಾರೆ. ಆದರೆ ಸಂಶೋಧನೆಗೆ ಹಣ ಕೊಡುವ ಯುರೋಪಿಯನ್ ರಿಸರ್ಚ್ ಕೌನ್ಸಿಲ್ ಆ ವೈದ್ಯಕೀಯ ಪದವಿ ಒಂದನ್ನೇ ಪಿಎಚ್‌ಡಿಗೆ ಸಮ ಎಂದು ಒಪ್ಪುವುದಿಲ್ಲ. ಅಮೆರಿಕದಲ್ಲಿ ಎಂಡಿ, ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಕಲಿಸುವ ಕಾರ್ಯಕ್ರಮಕ್ಕೆ 1964ರಿಂದಲೇ ಸರ್ಕಾರದ ದುಡ್ಡು ಇದೆ. ಇಷ್ಟು ವರ್ಷದಿಂದ ಇಷ್ಟು ದೇಶಗಳು ತಲೆ ಕೆಡಿಸಿಕೊಂಡಿವೆ ಎಂದರೆ, ಡಾಕ್ಟರನ್ನು ಸಂಶೋಧಕನನ್ನಾಗಿ ಮಾಡುವುದು ಅಷ್ಟು ಸುಲಭವಲ್ಲ ಅಂತಲೇ ಅರ್ಥ ಅಲ್ವಾ.

ನಾನು ಯಾಕೆ ಸೇರಿದೆ? ಜನರಿಗೆ ಹೇಳಿದ್ದು, ನನ್ನಲ್ಲಿ ಒಂದು ಪ್ರಶ್ನೆ ಇದೆ ಅಂತ. ಅದು ಸುಳ್ಳಲ್ಲ. ಕಿಡ್ನಿ ತೊಂದರೆಯವರಲ್ಲಿ ಕೆಲವರ ಸ್ಥಿತಿ ಬೇಗ ಹದಗೆಡುತ್ತದೆ, ಕೆಲವರದು ವರ್ಷಗಟ್ಟಲೆ ಹಾಗೇ ನಿಲ್ಲುತ್ತದೆ, ಅದು ಯಾಕೆ ಎನ್ನುವುದು ನನ್ನನ್ನು ಬಿಟ್ಟಿರಲಿಲ್ಲ. ಆ ಒಂಬತ್ತು ಮನೆಗಳೂ ಬಿಟ್ಟಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲ ಆರು ತಿಂಗಳು ಮುಖಭಂಗವೇ. ಹದಿಮೂರು ವರ್ಷ "ಡಾಕ್ಟ್ರೇ" ಅನ್ನಿಸಿಕೊಂಡು ಅಭ್ಯಾಸವಾಗಿತ್ತು. ಇಲ್ಲಿ 24 ವರ್ಷದ ಒಬ್ಬ ಹುಡುಗಿ ನನ್ನ ಪಕ್ಕ ಕೂತು, ಕೋಡ್‌ನಲ್ಲಿ ಒಂದು ಕಾಮಾ ಬಿಟ್ಟಿದ್ದೀರಿ ಎಂದು ಮೂರನೇ ಸಲ ತೋರಿಸಿಕೊಡುತ್ತಿದ್ದಳು. ಒಂದು ಮಧ್ಯಾಹ್ನ ಬಾತ್‌ರೂಮಿಗೆ ಹೋಗಿ ಅತ್ತೆ. (ಅದೇ ಹುಡುಗಿ ಮುಂದೆ ಒಂದು ದಿನ ಬಂದು ತನ್ನ ಅಪ್ಪನ ರಿಪೋರ್ಟ್ ತೋರಿಸಿ ಏನು ಮಾಡಲಿ ಎಂದು ಕೇಳಿದಳು. ಆವತ್ತು ಇಬ್ಬರೂ ಸಮವಾದೆವು.)

ನಲವತ್ತೊಂದು ಫೋನ್ ಕರೆ

ನನ್ನ ಸೂಪರ್‌ವೈಸರ್ ಡಾಕ್ಟರಲ್ಲ, ಸಂಖ್ಯಾಶಾಸ್ತ್ರದವರು. ಅರವತ್ತರ ಹತ್ತಿರದ ಹೆಂಗಸು. ನನ್ನನ್ನು "ಡಾಕ್ಟ್ರೇ" ಎಂದೇ ಕರೆಯುತ್ತಿದ್ದರು, ಅದರಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಅಂತ ಗೊತ್ತಾಗುತ್ತಿರಲಿಲ್ಲ. ಸೇರಿದ ವಾರವೇ ಒಂದು ಹಳೆಯ ಪೇಪರ್ ಕೊಟ್ಟು ಓದಲು ಹೇಳಿದರು. ಹಾರ್ಟ್ ಅಟ್ಯಾಕ್ ಆದವರಲ್ಲಿ ಎದೆಬಡಿತ ಆಗಾಗ ತಪ್ಪುತ್ತದೆ. ಹಾಗೆ ತಪ್ಪುವವರು ಸಾಯುವುದು ಜಾಸ್ತಿ. ಆ ತಪ್ಪು ಬಡಿತಗಳನ್ನು ಅಡಗಿಸುವ ಮಾತ್ರೆಗಳಿದ್ದವು. ಹಾಗಾದರೆ ಮಾತ್ರೆ ಕೊಟ್ಟರೆ ಸಾವು ಕಡಿಮೆಯಾಗಬೇಕು. ಡಾಕ್ಟರುಗಳು ಹಾಗೇ ನಂಬಿ ಕೊಡುತ್ತಿದ್ದರು. ಅದನ್ನು ಪರೀಕ್ಷೆಗೆ ಹಚ್ಚಿದ್ದು ಕ್ಯಾಸ್ಟ್ ಎನ್ನುವ ಅಧ್ಯಯನ. 1991ರಲ್ಲಿ ಬಂದ ಪೂರ್ಣ ವರದಿಯಲ್ಲಿ 1,498 ರೋಗಿಗಳು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಎರಡು ಔಷಧಗಳಲ್ಲಿ ಒಂದನ್ನು ಹೆಚ್ಚುಕಡಿಮೆ ಅರ್ಧ ಜನಕ್ಕೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಸರಾಸರಿ ಹತ್ತು ತಿಂಗಳಲ್ಲಿ ಔಷಧ ತಗೊಂಡವರಲ್ಲಿ 63 ಜನ ತೀರಿಕೊಂಡಿದ್ದರು. ತಗೊಳ್ಳದವರಲ್ಲಿ 26. "ಇದರಲ್ಲಿ ನಿಮಗೆ ಕಂಡದ್ದೇನು?" ಎಂದು ಕೇಳಿದರು. ಔಷಧ ಅಪಾಯಕಾರಿ ಎಂದೆ. ಅವರು ತಲೆ ಆಡಿಸಿದರು. "ಅದು ಸರಿ. ಆದರೆ ಪರೀಕ್ಷೆಗೆ ಮುಂಚೆ ಕೊಡುತ್ತಿದ್ದವರೆಲ್ಲ ದಡ್ಡರಾ? ಅಲ್ಲವಲ್ಲ. ಅವರಿಗೆ ಎಲ್ಲ ಗೊತ್ತಿತ್ತು."

ಎರಡನೇ ವರ್ಷದ ಕೊನೆಗೆ ನನ್ನ ಡೇಟಾ ಬಂತು. ವರ್ಷದ ಕೊನೆಯ ಪರೀಕ್ಷೆಗೆ ಬಾರದವರು 41 ಜನ. ಆ 41 ಖಾಲಿ ಮನೆಗಳನ್ನು ತೆಗೆದುಕೊಂಡು ಅವರ ಕೋಣೆಗೆ ಹೋಗುವಾಗ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವರು ಶೀಟ್ ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು. ಖಾಲಿ ಬಂದಲ್ಲೆಲ್ಲ ಬೆರಳು ನಿಲ್ಲುತ್ತಿತ್ತು. ಬೈಯಲಿಲ್ಲ. "ಇವರು ಯಾಕೆ ಬರಲಿಲ್ಲ?" ಎಂದಷ್ಟೇ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಅವರು ಸಂಖ್ಯಾಶಾಸ್ತ್ರದ ಒಂದು ಪಾಠ ಮಾಡಿದರು. ಡೊನಾಲ್ಡ್ ರೂಬಿನ್ ಎನ್ನುವವರು 1976ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮಾಹಿತಿ ಯಾಕೆ ತಪ್ಪಿಹೋಯಿತು ಎನ್ನುವುದೇ ಮುಖ್ಯ. ರಕ್ತದ ಟ್ಯೂಬ್ ಒಡೆದು ತಪ್ಪಿದ್ದರೆ ಅದು ಬರೀ ಅದೃಷ್ಟ, ಲೆಕ್ಕ ಅಷ್ಟೇನೂ ಕೆಡುವುದಿಲ್ಲ. ಕಾಯಿಲೆ ಜೋರಾಗಿ ಬರಲಾಗದೆ ತಪ್ಪಿದ್ದರೆ, ಬಂದವರನ್ನು ಮಾತ್ರ ಲೆಕ್ಕ ಹಾಕಿದ ನನ್ನ ಚಿತ್ರ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಖಾಲಿ ಮನೆಗೆ ಅಂಕಿ ತುಂಬುವುದಕ್ಕೂ ಒಂದು ಪದ್ಧತಿ ಇದೆ ಎಂದು ಹೇಳಿದರು. ಉಳಿದ ಮಾಹಿತಿ ಇಟ್ಟುಕೊಂಡು ಒಂದೊಂದು ಮನೆಗೂ ಹಲವು ಸಲ, ಬೇರೆಬೇರೆ ಅಂಕಿ ತುಂಬಬೇಕು. ಪ್ರತಿ ಸಲವೂ ಲೆಕ್ಕ ಮಾಡಿ, ಉತ್ತರ ಎಷ್ಟು ಅಲ್ಲಾಡುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು. ನಾವು ತುಂಬಿದ್ದೇವೆ ಎಂದು ಎಲ್ಲರಿಗೂ ಕಾಣುವ ಹಾಗೆ ಬರೆಯಬೇಕು.

ಆಗ ನನ್ನ ಬಾಯಿಂದ ಆ ಒಂಬತ್ತು ಮನೆಯ ಕಥೆ ಬಂತು. ಹೇಳಬೇಕೆಂದು ಹೋದದ್ದಲ್ಲ. 1.6 ಹಾಕಿದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನೀವೂ ತುಂಬಿದ್ದೀರಿ ಡಾಕ್ಟ್ರೇ. ಆದರೆ ಒಂದೇ ಸಲ. ಅದೂ ಕದ್ದು" ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಆ ಒಂಬತ್ತು ಜನ ಯಾರು?" ಯಾರೂ ನೆನಪಿಗೆ ಬರಲಿಲ್ಲ. ಒಬ್ಬರ ಮುಖವೂ ಇಲ್ಲ. ನೆನಪಿದ್ದದ್ದು ನಾನು ಹಾಕಿದ ಅಂಕಿ ಮಾತ್ರ.

ರೋಗಿಗಳ ಮೇಲಿನ ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಅನುಮತಿ ತಗೊಂಡು ಒಂದು ತಿಂಗಳು 41 ಮನೆಗಳಿಗೆ ಫೋನ್ ಮಾಡಿದೆ. ಸಂಜೆ ಹೊತ್ತು, ಓಪಿಡಿ ಮುಗಿಸಿ. ಒಬ್ಬರು "ನಾನು ಚೆನ್ನಾಗಿದೀನಿ, ಸೂಜಿ ಚುಚ್ಚಿಸ್ಕೊಳ್ಳೋಕೆ ಯಾಕೆ ಬರ್ಲಿ?" ಎಂದು ನಕ್ಕರು. ಒಬ್ಬರು ನಾನು ಯಾರೆಂದು ಕೇಳಿ ಫೋನ್ ಇಟ್ಟರು. ಒಂದು ನಂಬರಿನಲ್ಲಿ ಒಬ್ಬ ಹುಡುಗ ಎತ್ತಿ, ಅಮ್ಮ ಹೋಗಿ ನಾಲ್ಕು ತಿಂಗಳಾಯಿತು ಎಂದ. ನಾನು ಮಾತು ತೋಚದೆ ನಿಂತಿರುವಾಗ ಅವನೇ, "ನೀವು ಹೇಳಿದ್ದ ಮಾತ್ರೆ ಎಲ್ಲ ಸರಿಯಾಗಿ ತಗೋತಿದ್ರು ಮೇಡಂ" ಎಂದ. ಚಾರ್ಟಿನಲ್ಲಿ ಆಕೆಯ ಹಿಂದಿನ ಕ್ರಿಯಾಟಿನಿನ್ 1.4 ಇತ್ತು. ಹಾಸ್ಟೆಲ್ ರೂಮಿನ ನಾನಾಗಿದ್ದರೆ ಆ ಮನೆಯಲ್ಲಿ 1.5 ಬರೆದು ಮುಂದೆ ಹೋಗುತ್ತಿದ್ದೆ. ನಂಬುವಂಥ ಅಂಕಿಯೇ ಅದು.

ಫೋನ್ ಮುಗಿದಾಗ ಶೀಟಿಗೆ ಹೊಸ ಕಾಲಂ ಒಂದು ಬಂದಿತ್ತು, "ಬಾರದ ಕಾರಣ". ಥೀಸಿಸ್‌ನಲ್ಲಿ ಅದೇ ಒಂದು ಅಧ್ಯಾಯವಾಯಿತು. ಅಲ್ಲಿಯವರೆಗೆ ಬಹಳ ಚೆನ್ನಾಗಿ ಕಾಣುತ್ತಿದ್ದ ನನ್ನ ಫಲಿತಾಂಶ ಸ್ವಲ್ಪ ಕೆಳಗಿಳಿಯಿತು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಗುಂಪು ಒಡೆದು ನೋಡಿದರೆ ಎಲ್ಲಾದರೂ ಒಳ್ಳೆಯದು ಸಿಗಬಹುದೇನೋ ಎಂದು ಹೆಂಗಸರನ್ನು ಬೇರೆ, ಐವತ್ತು ದಾಟಿದವರನ್ನು ಬೇರೆ ಮಾಡಿ ಲೆಕ್ಕ ಹಾಕತೊಡಗಿದೆ. ಅದನ್ನು ನೋಡಿದ ಸೂಪರ್‌ವೈಸರ್ ಮೇಡಂ ಐಸಿಸ್-2 ಎನ್ನುವ ಅಧ್ಯಯನದ ಕಥೆ ಹೇಳಿದರು. 1988ರಲ್ಲಿ ಬಂದ ಆ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೀವ ಉಳಿಸುತ್ತದೆ ಎಂದು ಗಟ್ಟಿಯಾಗಿ ತೋರಿಸಿದ್ದು ಅದು. ಗುಂಪು ಒಡೆದು ನೋಡುವ ಚಟ ಎಷ್ಟು ಅಪಾಯ ಎಂದು ತೋರಿಸಲು ಅಧ್ಯಯನ ಮಾಡಿದವರು ರೋಗಿಗಳನ್ನು ಹುಟ್ಟಿದ ರಾಶಿಯ ಪ್ರಕಾರವೂ ಒಡೆದರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ನಿಂದ ಏನೂ ಲಾಭ ಇಲ್ಲ, ಸ್ವಲ್ಪ ನಷ್ಟವೇ ಎಂದು ಬಂತು! ಅದನ್ನು ಪೇಪರಿನಲ್ಲಿ ಹಾಗೇ ಅಚ್ಚು ಹಾಕಿಸಿದರು. "ನಿಮ್ಮ ರಾಶಿ ಯಾವುದು ಡಾಕ್ಟ್ರೇ?" ಎಂದು ಕೇಳಿದರು ಮೇಡಂ. ತುಲಾ ಎಂದೆ. ಇಬ್ಬರೂ ನಕ್ಕೆವು. ಹೆಂಗಸರು, ಐವತ್ತು ದಾಟಿದವರು ಎಲ್ಲರೂ ಒಂದೇ ಶೀಟಿಗೆ ವಾಪಸ್ ಬಂದರು.

ಎಲ್ಲರಿಗೂ ಬೇಕಾ?

ಹಾಗಾದರೆ ಎಲ್ಲ ಡಾಕ್ಟರುಗಳೂ ಪಿಎಚ್‌ಡಿ ಮಾಡಬೇಕಾ? ಬೇಡ. ಅದರ ಬೆಲೆ ಜಾಸ್ತಿ. ಪೂರ್ಣಾವಧಿಯಾದರೆ ಮೂರು, ನಾಲ್ಕು ವರ್ಷ. ಕೆಲಸದ ಜೊತೆ ಮಾಡಿದರೆ ಅದರ ಎರಡರಷ್ಟು. ಆದಾಯ ಇಳಿಯುತ್ತದೆ. ಆಪರೇಷನ್ ಮಾಡುವವರ ಕೈ ಜಡವಾಗುತ್ತದೆ. ವಾಪಸ್ ಬರುವಾಗ ಜೂನಿಯರ್‌ಗಳು ಸೀನಿಯರ್ ಆಗಿರುತ್ತಾರೆ. ವಾರಕ್ಕೆ ಎರಡು ದಿನ ರಿಸರ್ಚ್‌ಗೆ ಬಿಡುತ್ತೇವೆ ಎಂದು ಕಾಗದದಲ್ಲಿ ಬರೆದುಕೊಟ್ಟಿರುತ್ತಾರೆ, ಆ ಎರಡು ದಿನವೂ ಯಾರೋ ರಜೆಯಲ್ಲಿರುತ್ತಾರೆ, ಓಪಿಡಿಗೆ ಕರೆ ಬರುತ್ತದೆ. ಪ್ರಶ್ನೆ ಇಲ್ಲದೆ ಬರೀ ಪ್ರಮೋಷನ್ನಿಗೆ ಅಂತ ಸೇರಿದವರು ಎರಡನೇ ವರ್ಷದಲ್ಲಿ ಸೊರಗಿಹೋಗುವುದನ್ನು ನೋಡಿದ್ದೇನೆ. ಡಗ್ಲಸ್ ಆಲ್ಟ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞ 1994ರಲ್ಲೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದಿದ್ದರು. ಡಾಕ್ಟರುಗಳು ಕೆಲಸದಲ್ಲಿ ಮೇಲೇರಲಿಕ್ಕೆ ಸಂಶೋಧನೆ ಮಾಡುತ್ತಾರೆ, ನಮಗೆ ಬೇಕಿರುವುದು ಕಡಿಮೆ ಸಂಶೋಧನೆ, ಆದರೆ ಒಳ್ಳೆಯದು, ಸರಿಯಾದ ಕಾರಣಕ್ಕೆ ಮಾಡಿದ್ದು ಎಂದು. ಮೂರು ದಶಕ ಆಯಿತು. ಕಪ್ಪು ರೆಕ್ಸಿನ್ ಮಾತ್ರ ಕಡಿಮೆಯಾಗಿಲ್ಲ.

ತರಬೇತಿಯ ಪ್ರಾಜೆಕ್ಟ್ ಎಲ್ಲ ದಂಡ ಅಂತಲೂ ಹೇಳಲಾರೆ. 1981ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದ ಬ್ಯಾರಿ ಮಾರ್ಷಲ್ ಒಂದು ಪ್ರಾಜೆಕ್ಟ್ ಹುಡುಕುತ್ತಿದ್ದರು. ಹೊಟ್ಟೆಯ ಬಯಾಪ್ಸಿಗಳಲ್ಲಿ (ಪರೀಕ್ಷೆಗೆ ತೆಗೆದ ಚೂರುಗಳಲ್ಲಿ) ಬಾಗಿದ ಬ್ಯಾಕ್ಟೀರಿಯಾ ನೋಡಿ ಎರಡು ವರ್ಷದಿಂದ ಅದರ ಹಿಂದೆ ಬಿದ್ದಿದ್ದ ರಾಬಿನ್ ವಾರನ್ ಅವರಿಗೆ ಸಿಕ್ಕರು. ಬ್ಯಾಕ್ಟೀರಿಯಾವನ್ನು ಬೆಳೆಸಲು ಹೊರಟರೆ ಮೊದಲ ಮೂವತ್ತಕ್ಕೂ ಹೆಚ್ಚು ರೋಗಿಗಳ ಪ್ಲೇಟ್‌ಗಳಲ್ಲಿ ಏನೂ ಬೆಳೆಯಲಿಲ್ಲ. ಎರಡು ದಿನ ನೋಡಿ ಎಸೆಯುವುದು ಲ್ಯಾಬಿನ ರೂಢಿ. 1982ರ ಈಸ್ಟರ್ ರಜೆಯಲ್ಲಿ ಪ್ಲೇಟ್‌ಗಳು ಹೆಚ್ಚು ದಿನ ಹಾಗೇ ಉಳಿದವು, ವಾಪಸ್ ಬಂದು ನೋಡಿದರೆ ಬೆಳೆದಿತ್ತು. ನಿಧಾನವಾಗಿ ಬೆಳೆಯುವ ಜಾತಿ ಅದು. ಹೊಟ್ಟೆಹುಣ್ಣಿಗೆ ಆ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ್ದಕ್ಕೆ 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಆ ಮೊದಲ ಮೂವತ್ತು ಚಿಲ್ಲರೆ ಪ್ಲೇಟ್‌ಗಳು. ಬೆಳೆದಿಲ್ಲ, ಬೆಳೆದಿಲ್ಲ, ಬೆಳೆದಿಲ್ಲ. ಹಾಗೇ ಉಳಿದವು.

ನನ್ನನ್ನು ಕೇಳಿದರೆ, ಒಬ್ಬೊಬ್ಬ ಪಿಜಿಯಿಂದಲೂ ಅರವತ್ತು ಎಂಬತ್ತು ರೋಗಿಗಳ ಒಂದೊಂದು ಪುಟ್ಟ ಅಧ್ಯಯನ ಮಾಡಿಸುವ ಬದಲು ಎಲ್ಲರನ್ನೂ ಒಂದೇ ದೊಡ್ಡ ಅಧ್ಯಯನಕ್ಕೆ ಸೇರಿಸಬೇಕು. ಆ ಐಸಿಸ್-2 ನಡೆದದ್ದು 417 ಆಸ್ಪತ್ರೆಗಳಲ್ಲಿ. ಬಿಡುವಿಲ್ಲದ ಡಾಕ್ಟರುಗಳೂ ಸೇರಲಿ ಎಂದು ಅದರ ಕೆಲಸವನ್ನು ಬೇಕೆಂದೇ ಸರಳವಾಗಿ ಇಟ್ಟಿದ್ದರು. ನನ್ನ 60 ರೋಗಿಗಳು ಅಂಥದ್ದೊಂದರ ಮೂಲೆಯಲ್ಲಿದ್ದಿದ್ದರೆ ಒಂಬತ್ತು ಖಾಲಿ ಮನೆಗೆ ಯಾರೂ ಹೆದರುತ್ತಿರಲಿಲ್ಲ. ಪ್ರಶ್ನೆ ಇಟ್ಟುಕೊಂಡು ನಿದ್ದೆಗೆಟ್ಟವರು ಆಮೇಲೆ ಪಿಎಚ್‌ಡಿಗೆ ಬರಲಿ. ಈ ಮಾತು ಮೀಟಿಂಗಿನಲ್ಲಿ ಎರಡು ಸಲ ಹೇಳಿದ್ದೇನೆ. ಚೆನ್ನಾಗಿದೆ ಮೇಡಂ ಎಂದು ಎಲ್ಲರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗಿದ್ದಾರೆ.

ಪೂರ್ತಿ ತುಂಬಿದ ಚಾರ್ಟ್ ತಂದಿದ್ದ ಆ ಹುಡುಗನನ್ನು ಮರುದಿನ ಕರೆದೆ. ಬೈಯುವ ಯೋಗ್ಯತೆ ನನಗಿರಲಿಲ್ಲ. ಅದಕ್ಕೆ ನನ್ನ ಕಥೆಯನ್ನೇ ಹೇಳಿದೆ, 1.6 ಸಮೇತ. ಅವನು ಕೇಳುತ್ತಾ ಕೇಳುತ್ತಾ ನೆಲ ನೋಡತೊಡಗಿದ. ಎಷ್ಟು ಮನೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಲ್ಯಾಪ್‌ಟಾಪ್ ತಗೊಂಡು ಹೋದ.

ಎರಡು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಶೀಟ್ ಕಳಿಸಿದ. ಮೂರನೇ ತಿಂಗಳ ಕಾಲಂನಲ್ಲಿ 17 ಮನೆ ಖಾಲಿ ಇತ್ತು. ಕೆಳಗೆ ಒಂದು ಸಾಲು: "ಮೇಡಂ, ಇಷ್ಟು ಖಾಲಿ ಇದ್ರೆ ಪಾಸ್ ಮಾಡ್ತಾರಾ?" ಮಾಡುತ್ತಾರೋ ಇಲ್ಲವೋ ಎಂದು ನಾನು ಹೇಗೆ ಹೇಳಲಿ. ಆ 17 ಜನರ ಫೋನ್ ನಂಬರ್ ತಗೊಂಡು ನಾಳೆ ಓಪಿಡಿ ಮುಗಿದ ಮೇಲೆ ಬಾ, ಎಂಟು ನಾನು ಮಾಡ್ತೀನಿ, ಒಂಬತ್ತು ನೀನು ಮಾಡು ಎಂದು ಬರೆದೆ.